ಅಪ್ಪನಿಗೂ ಹದಿನೇಳು ವರ್ಷವಾಗಿತ್ತು

2025ರ ಮಳೆಗಾಲದ ಒಂದು ಸಂಜೆ. ಆಲೂರು, ಸಕಲೇಶಪುರದ ಬೆಟ್ಟಗಳ ನಡುವೆ ಬದುಕುವವರಿಗೆ ಅಂತಹ ಸಂಜೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬೆಳಗಿನಿಂದ ಬಿಡದೆ ಸುರಿಯುವ ಮಳೆ, ಪಕ್ಕದ ತೋಟಕ್ಕೆ ಕಾಡಾನೆಗಳು ಇಳಿದಿವೆಯೆಂಬ ಸುದ್ದಿ, ಕತ್ತಲಾಗುವ ಮುನ್ನವೇ ಮುಚ್ಚಿದ ಬಾಗಿಲು. ಮಳೆಯ ಕಾರಣ ಕಾಲೇಜಿಗೆ ರಜೆ ಸಿಕ್ಕಿ, ಪಿಯುಸಿ ಓದುತ್ತಿರುವ ನಮ್ಮ ಕಿರಿಯ ಮಗಳು ಹಾಸ್ಟೆಲಿನಿಂದ ಮನೆಗೆ ಬಂದಿದ್ದಳು. ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ, “ಪಪ್ಪ, ನಿಮ್ಮ ಕಾಲದ ಒಂದು ಸಿನಿಮಾ ನೋಡೋಣವೇ? ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಅದು ಇಷ್ಟ” ಎಂದಳು. ಹೀಗೆ ಮೂರು ತಲೆಮಾರಿನ ನಾವು, ಎಂಬತ್ತು ದಾಟಿದ ನನ್ನ ತಾಯಿಯನ್ನೂ ಸೇರಿಸಿಕೊಂಡು, ‘ಬ್ಯಾಕ್ ಟು ದ ಫ್ಯೂಚರ್’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಿದೆವು. ‘ಭವಿಷ್ಯಕ್ಕೆ ಮರಳಿ’ ಎಂದು ಅದರ ಹೆಸರಿನ ಅರ್ಥ.

ಚಿತ್ರ ಮುಗಿದಾಗ ಎಲ್ಲರೂ ನಗುತ್ತಿದ್ದೆವು. ಆಗ ಮಗಳು ಕೇಳಿದಳು: “ಪಪ್ಪ, ನೀವು ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ನಾವಿಬ್ಬರೂ ಸ್ನೇಹಿತರಾಗುತ್ತಿದ್ದೆವಾ?” ನಾನು ಏನೋ ತಮಾಷೆಯ ಉತ್ತರ ಕೊಟ್ಟೆ. ಅವಳು ಬಿಡಲಿಲ್ಲ. “ಹೋಗಲಿ, ನೀವು ಅಜ್ಜನ ಕ್ಲಾಸಿನಲ್ಲಿ ಇದ್ದಿದ್ದರೆ?”

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ತಮಾಷೆಯ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿದ ಈ ಚಿತ್ರ ಅಮೆರಿಕದಲ್ಲಿ 1985ರ ಜುಲೈ 3ರಂದು ತೆರೆ ಕಂಡಿತು. ಹದಿನೇಳು ವರ್ಷದ ಮಾರ್ಟಿ ಎಂಬ ಹುಡುಗನಿಗೆ ತನ್ನ ಮನೆಯ ಬಗ್ಗೆ ನಾಚಿಕೆ. ತಂದೆ ಜಾರ್ಜ್ ಅತ್ಯಂತ ಪುಕ್ಕಲು ಮನುಷ್ಯ. ಶಾಲೆಯ ದಿನಗಳಿಂದಲೂ ತನ್ನನ್ನು ಪೀಡಿಸುತ್ತ ಬಂದ ಬಿಫ್ ಎಂಬವನೇ ಈಗ ಆಫೀಸಿನಲ್ಲಿ ಅವನ ಮೇಲಧಿಕಾರಿ. ತಾಯಿ ಲೊರೇನ್ ಬೇಸತ್ತು ಕುಡಿತಕ್ಕೆ ಬಿದ್ದವಳು. ಹುಡುಗನ ಹಿರಿಯ ಗೆಳೆಯ ಡಾಕ್ ಬ್ರೌನ್ ಎಂಬ ವಿಚಿತ್ರ ವಿಜ್ಞಾನಿ ಡಿಲೋರಿಯನ್ ಕಾರೊಂದನ್ನು ಕಾಲಯಂತ್ರವನ್ನಾಗಿ ಮಾರ್ಪಡಿಸಿದ್ದಾನೆ. ಆ ಕಾರು ಗಂಟೆಗೆ 88 ಮೈಲಿ, ಎಂದರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಿದರೆ ಕಾಲವನ್ನು ದಾಟುತ್ತದೆ. ನಮ್ಮ ಶಿರಾಡಿ ಘಾಟಿಯ ರಸ್ತೆಯಲ್ಲಿ ಆ ಯಂತ್ರ ಕೆಲಸಕ್ಕೆ ಬಾರದೆಂಬುದು ಸ್ಪಷ್ಟ! ಅದಕ್ಕೆ ಬೇಕಾದ ವಿದ್ಯುತ್ತು 1.21 ಗಿಗಾವ್ಯಾಟ್, ಶರಾವತಿ ವಿದ್ಯುದಾಗಾರದ ಒಟ್ಟು ಸಾಮರ್ಥ್ಯವೇ 1035 ಮೆಗಾವ್ಯಾಟ್ ಆಗಿರುವಾಗ, ಅದಕ್ಕಿಂತಲೂ ಹೆಚ್ಚು.

ಆಕಸ್ಮಿಕವಾಗಿ ಮಾರ್ಟಿ 1955ರ ನವೆಂಬರ್ 5ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಅವನ ತಂದೆತಾಯಿಯರಿಗೂ ಹದಿನೇಳರ ಹರೆಯ. ಅವರಿಬ್ಬರ ಮೊದಲ ಭೇಟಿಗೆ ಅವನೇ ಅಡ್ಡಬಂದು ಬಿಡುತ್ತಾನೆ. ತಾಯಿಯಾಗಬೇಕಾದವಳು ಇವನನ್ನೇ ಮೆಚ್ಚಿಕೊಳ್ಳುತ್ತಾಳೆ. ತಂದೆತಾಯಿ ಒಂದಾಗದಿದ್ದರೆ ಮಕ್ಕಳೆಲ್ಲಿ? ಜೇಬಿನಲ್ಲಿರುವ ಒಡಹುಟ್ಟಿದವರ ಭಾವಚಿತ್ರ ಒಂದೊಂದಾಗಿ ಮಾಸತೊಡಗುತ್ತದೆ. ವಾರದೊಳಗೆ ಅವರಿಬ್ಬರನ್ನು ಕೂಡಿಸಿ, ಊರಿನ ಗಡಿಯಾರ ಗೋಪುರಕ್ಕೆ ಸಿಡಿಲು ಬಡಿಯುವ ಕ್ಷಣದಲ್ಲಿ ಆ ಶಕ್ತಿಯನ್ನು ಹಿಡಿದು ಅವನು ಮರಳಬೇಕು.

ಮಗನನ್ನು ತಾಯಿ ಮೋಹಿಸುವ ಪ್ರಸಂಗ ಕೇಳುವಾಗ ಮುಜುಗರವಾಗುತ್ತದೆ. ಡಿಸ್ನಿ ಸಂಸ್ಥೆ ಇದೇ ಕಾರಣಕ್ಕೆ ಕಥೆಯನ್ನು ಒಲ್ಲೆನೆಂದಿತೆಂದು ಚಿತ್ರದ ಸಹಲೇಖಕ ಬಾಬ್ ಗೇಲ್ ಹೇಳಿದ್ದಾರೆ. ಆದರೆ ತೆರೆಯ ಮೇಲೆ ಅದು ಹಗುರವಾದ ಹಾಸ್ಯವಾಗಿಯೇ ಸಾಗುತ್ತದೆ. ಆ ಹುಡುಗಿಗೇ ಕಡೆಗೆ ‘ಇದು ಸೋದರನನ್ನು ಮುದ್ದಿಸಿದಂತಿದೆ’ ಎನಿಸಿ ಹಿಂದೆ ಸರಿಯುತ್ತಾಳೆ. ನಲವತ್ತಕ್ಕೂ ಹೆಚ್ಚು ಬಾರಿ ತಿರಸ್ಕೃತವಾದ ಈ ಕಥೆ 1985ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಗಳಿಸಿದ ಚಿತ್ರವಾಯಿತು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ನಲವತ್ತು ವರ್ಷ ತುಂಬಿದ ಮೇಲೂ, ಅದು ಹುಟ್ಟಿದಾಗ ಹುಟ್ಟಿರದ ಮಕ್ಕಳು ಮಲೆನಾಡಿನ ಮೂಲೆಯೊಂದರಲ್ಲಿ ಕುಳಿತು ಅದನ್ನು ನೋಡಿ ನಗುತ್ತಾರೆ. ಯಂತ್ರಗಳು ಹಳೆಯದಾಗುತ್ತವೆ, ಚಿತ್ರದಲ್ಲಿ ತೋರಿಸಿದ ಕಾರನ್ನು ತಯಾರಿಸಿದ ಕಂಪೆನಿ ಚಿತ್ರ ಬರುವ ಮೊದಲೇ ಮುಚ್ಚಿಹೋಗಿತ್ತು. ಹಾಗಾದರೆ ಈ ಚಿತ್ರದಲ್ಲಿ ಹಳತಾಗದೆ ಉಳಿದದ್ದು ಯಾವುದು?

ಉತ್ತರ ಚಿತ್ರದ ಹುಟ್ಟಿನಲ್ಲಿಯೇ ಇದೆ. ಬಾಬ್ ಗೇಲ್ ಒಮ್ಮೆ ತಮ್ಮ ಹುಟ್ಟೂರಾದ ಸೇಂಟ್ ಲೂಯಿಸ್‌ಗೆ ಹೋದಾಗ, ತಂದೆಯ ಹೈಸ್ಕೂಲಿನ ವಾರ್ಷಿಕ ಸಂಚಿಕೆ ಕೈಗೆ ಸಿಕ್ಕಿತು. ತಂದೆ ತಮ್ಮ ತರಗತಿಯ ಅಧ್ಯಕ್ಷರಾಗಿದ್ದರೆಂಬುದು ಆಗ ಮಗನಿಗೆ ತಿಳಿಯಿತು. ತನ್ನ ತರಗತಿಯ ಅಧ್ಯಕ್ಷನೊಡನೆ ಗೇಲ್ ಅವರಿಗೆ ಯಾವ ಒಡನಾಟವೂ ಇರಲಿಲ್ಲ. ‘ಅಪ್ಪ ನನ್ನ ಸಹಪಾಠಿಯಾಗಿದ್ದರೆ ನಾನು ಅವರ ಸ್ನೇಹಿತನಾಗುತ್ತಿದ್ದೆನೇ?’ ಎಂಬ ಪ್ರಶ್ನೆ ಎದ್ದಿತು. ನನ್ನ ಮಗಳಿಗೆ ಈ ಸಂಗತಿ ಗೊತ್ತಿರಲಿಲ್ಲ. ಆದರೂ ಚಿತ್ರ ಮುಗಿದೊಡನೆ ಅದೇ ಪ್ರಶ್ನೆ ಅವಳ ಬಾಯಿಂದ ಬಂತು.

ಪಾತ್ರಧಾರಿಗಳ ವಯಸ್ಸಿನಲ್ಲೂ ಒಂದು ಸೋಜಿಗವಿದೆ. ಮಗನ ಪಾತ್ರ ವಹಿಸಿದ ಮೈಕೆಲ್ ಜೆ. ಫಾಕ್ಸ್ ಹುಟ್ಟಿದ್ದು 1961ರ ಜೂನ್ 9ರಂದು. ತಾಯಿಯ ಪಾತ್ರದ ಲೀ ಥಾಂಪ್ಸನ್ ಅವರಿಗಿಂತ ಒಂಬತ್ತೇ ದಿನಕ್ಕೆ ದೊಡ್ಡವರು. ತಂದೆಯ ಪಾತ್ರದ ಕ್ರಿಸ್ಪಿನ್ ಗ್ಲೋವರ್ ಹುಟ್ಟಿದ್ದು 1964ರಲ್ಲಿ. ತಂದೆಯೇ ಮಗನಿಗಿಂತ ಸುಮಾರು ಮೂರು ವರ್ಷ ಚಿಕ್ಕವರು! ಮುಖಕ್ಕೆ ಬಣ್ಣ, ಸುಕ್ಕು ಹಚ್ಚಿಕೊಂಡ ಸಮವಯಸ್ಕರು ನಮ್ಮ ಮುಂದೆ ಹೆತ್ತವರಾಗಿ ನಿಂತಿದ್ದಾರೆ. ಒಂದರ್ಥದಲ್ಲಿ ಪ್ರತಿ ಮನೆಯ ಸತ್ಯವೂ ಇದೇ ಅಲ್ಲವೇ? ಸುಕ್ಕಿನ ಹಿಂದೆ ಹದಿನೇಳರ ಮುಖವೊಂದು ಇದ್ದೇ ಇದೆ. ನಾವು ಅದನ್ನು ಕಂಡಿಲ್ಲ, ಅಷ್ಟೆ.

ಕಾಲವನ್ನು ದಾಟಿ ಹೋಗುವ ಕಥೆಗಳು ಹೊಸತೇನಲ್ಲ. ಎಫೆಸ ಪಟ್ಟಣದ ಏಳು ಯುವಕರು ದೇಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ಗುಹೆಯಲ್ಲಿ ಮಲಗಿ, ಶತಮಾನಗಳ ಬಳಿಕ ಎದ್ದು, ಹಳೆಯ ನಾಣ್ಯ ಹಿಡಿದು ರೊಟ್ಟಿ ಕೊಳ್ಳಲು ಹೋದ ಐತಿಹ್ಯವನ್ನು ನಮ್ಮ ಹಿರಿಯರು ಕೇಳಿದವರೇ. ರೈವತ ರಾಜನು ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಯುಗಗಳೇ ಉರುಳಿದ ಕಥೆ ಪುರಾಣದಲ್ಲಿದೆ. 1895ರಲ್ಲಿ ಎಚ್. ಜಿ. ವೆಲ್ಸ್ ಕಾಲಯಂತ್ರವನ್ನು ಕಲ್ಪಿಸಿದಾಗಲೂ ಅವರ ನಾಯಕ ಹೋದದ್ದು ಬಹುದೂರದ ಭವಿಷ್ಯಕ್ಕೆ. ಡಾ. ರಾಜ್‌ಕುಮಾರ್ ಅವರ ‘ಹಾಲು ಜೇನು’ವಿನಂತಹ ಚಿತ್ರಗಳನ್ನು ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಲುಗಿನಲ್ಲಿ ತೆಗೆದ ‘ಆದಿತ್ಯ 369’ ನಮ್ಮನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಕರೆದೊಯ್ದಿತು. 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ಎಂಬ ಚಿತ್ರ ಕನ್ನಡದಲ್ಲೂ ಕಾಲಯಾನದ ಕಥೆಯನ್ನು ಹೇಳಿತು. ಆದರೆ ‘ಬ್ಯಾಕ್ ಟು ದ ಫ್ಯೂಚರ್’ ಹುಡುಗ ಹೋಗುವುದು ರಾಜರ ಆಸ್ಥಾನಕ್ಕಲ್ಲ. ಅವನು ತನ್ನದೇ ಊರಿಗೆ, ತನ್ನದೇ ಶಾಲೆಗೆ, ತನ್ನ ಅಪ್ಪ ಒಬ್ಬಂಟಿಯಾಗಿ ಕುಳಿತ ಬೆಂಚಿನ ಬಳಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ತಿಳಿಯುತ್ತದೆ: ತನ್ನ ಅಪ್ಪ ಗುಟ್ಟಾಗಿ ಕಥೆಗಳನ್ನು ಬರೆಯುತ್ತಾನೆ, ಯಾರಾದರೂ ಚೆನ್ನಾಗಿಲ್ಲವೆಂದರೆ ತಾಳಲಾರೆನೆಂದು ಯಾರಿಗೂ ತೋರಿಸುವುದಿಲ್ಲ. ಸ್ವಲ್ಪ ಹಿಂದಷ್ಟೇ ಮಾರ್ಟಿ ಕೂಡ ತನ್ನ ಸಂಗೀತದ ಕುರಿತು ಇದೇ ಮಾತನ್ನು ಆಡಿದ್ದ. ತಾನು ಯಾವ ದೌರ್ಬಲ್ಯಕ್ಕಾಗಿ ತಂದೆಯನ್ನು ತಿರಸ್ಕರಿಸುತ್ತಿದ್ದನೋ ಅದೇ ದೌರ್ಬಲ್ಯ ತನ್ನಲ್ಲೂ ಇದೆ!

ಈಗ ನನ್ನ ತಂದೆಯ ವಿಷಯಕ್ಕೆ ಬರುತ್ತೇನೆ. ಈ ಚಿತ್ರದ ಲೆಕ್ಕ ನಮ್ಮ ಮನೆಯ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. 1985ರಲ್ಲಿ ನನಗೆ ಹದಿನೇಳು. 1955ರಲ್ಲಿ ಅಪ್ಪನಿಗೆ ಹದಿನೇಳು. ಆ ವರ್ಷವೇ ಅವರು ಕರಾವಳಿಯಿಂದ ಘಟ್ಟ ಹತ್ತಿ ಬಂದರು. ಆಗಿನ್ನೂ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು, ಸಕಲೇಶಪುರ ಮೈಸೂರು ರಾಜ್ಯದಲ್ಲಿತ್ತು. ಎರಡೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಘಟ್ಟ ಹತ್ತುವುದೆಂದರೆ ಆ ಹುಡುಗನ ಪಾಲಿಗೆ ಅಕ್ಷರಶಃ ಪರರಾಜ್ಯಕ್ಕೆ ಹೋಗುವುದಾಗಿತ್ತು. ಮುಂದೆ ಅವರು ಕಾಫಿ ತೋಟವೊಂದರಲ್ಲಿ ರೈಟರ್ ಆಗಿ, ಕೊನೆಯವರೆಗೂ ಅದೇ ಕೆಲಸದಲ್ಲಿದ್ದರು. ನಾವು ಮೂವರು ಮಕ್ಕಳು ತೋಟದ ಮನೆಯಲ್ಲಿಯೇ ಬೆಳೆದೆವು.

ನನಗೆ ಹನ್ನೊಂದು ವರ್ಷವಿದ್ದಾಗ, 1979ರಲ್ಲಿ, ಒಂದು ಬಟವಾಡೆಯ ದಿನ ನಾನು ತೋಟದ ಆಫೀಸಿನ ಜಗುಲಿಯಲ್ಲಿ ನಿಂತಿದ್ದೆ. ಕೂಲಿಯ ಹೆಂಗಸೊಬ್ಬಳು ತಾನು ಐದು ದಿನ ಕೆಲಸ ಮಾಡಿದ್ದೇನೆಂದಳು. ಮೂರೇ ದಿನವೆಂದು ಮ್ಯಾನೇಜರು ಗದರಿದರು. ಹಾಜರಿ ಪುಸ್ತಕ ಅಪ್ಪನ ಕೈಯಲ್ಲಿತ್ತು, ಬರೆದವರು ಅವರೇ. ಐದು ದಿನದ ಗುರುತು ಅದರಲ್ಲಿತ್ತೆಂದು ನನಗೂ ಗೊತ್ತಿತ್ತು, ಏಕೆಂದರೆ ಹಿಂದಿನ ರಾತ್ರಿ ಲೆಕ್ಕ ಕೂಡಿಸಲು ಕುಳಿತಿದ್ದವನು ನಾನು. ಅಪ್ಪ ಏನಾದರೂ ಹೇಳುತ್ತಾರೆಂದು ಕಾದೆ. ಅವರು ತಲೆ ತಗ್ಗಿಸಿ ಪುಸ್ತಕ ಮುಚ್ಚಿದರು. ಆಕೆ ಮೂರು ದಿನದ ಕೂಲಿ ಪಡೆದು ಹೋದಳು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಅಪ್ಪ ಒಬ್ಬ ಹೇಡಿ. ಎದುರಾಡಲಿಲ್ಲ, ಸೇವೆಯಲ್ಲಿ ಕೊರತೆ ಮಾಡಲಿಲ್ಲ. ತಂದೆತಾಯಿಯರನ್ನು ಗೌರವಿಸಬೇಕೆಂಬ ಆಜ್ಞೆಯನ್ನು ಹೊರನೋಟಕ್ಕೆ ಪಾಲಿಸಿದೆ. 2003ರಲ್ಲಿ ಅವರು ತೀರಿಕೊಂಡಾಗ ಮಗನ ಕರ್ತವ್ಯಗಳನ್ನೆಲ್ಲ ಮಾಡಿದೆ. ಆದರೆ ಒಳಗಿನ ತೀರ್ಪು ಹಾಗೆಯೇ ಇತ್ತು. ‘ಅಜ್ಜನ ಸ್ನೇಹಿತರಾಗುತ್ತಿದ್ದಿರಾ?’ ಎಂದು ಮಗಳು ಕೇಳಿದಾಗ ನಾನು ಮೌನವಾದದ್ದು ಇದಕ್ಕೆ.

ಕಳೆದುಹೋದುದನ್ನು ತಿದ್ದಬಹುದೇ? ತತ್ತ್ವಜ್ಞಾನಿಗಳು ಹಿಂದಿನಿಂದಲೂ ಇದನ್ನು ಚರ್ಚಿಸಿದ್ದಾರೆ. ಆಗಿಹೋದುದನ್ನು ಆಗದಂತೆ ಮಾಡುವ ಶಕ್ತಿಯೊಂದು ಮಾತ್ರ ದೇವರಿಗೂ ಇಲ್ಲವೆಂಬ ಅಗಾಥಾನ್ ಕವಿಯ ಮಾತನ್ನು ಅರಿಸ್ಟಾಟಲ್ ಒಪ್ಪಿಕೊಂಡು ಉಲ್ಲೇಖಿಸುತ್ತಾನೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರೂ ಅದನ್ನೇ ವಿವರಿಸುತ್ತಾರೆ: ಅದು ದೇವರ ಶಕ್ತಿಯ ಕೊರತೆಯಲ್ಲ, ‘ಆದದ್ದು ಆಗಲಿಲ್ಲ’ ಎಂಬುದು ತನ್ನೊಳಗೇ ವಿರೋಧವುಳ್ಳ ಮಾತು. ಹೀಗಿರುವಾಗ ಕಾಲಯಂತ್ರದ ಕಥೆಗಳೆಲ್ಲ ಅಸಾಧ್ಯದ ಆಸೆಗಳು. ಆದರೂ ಆ ಆಸೆ ನಮ್ಮನ್ನು ಬಿಡುವುದಿಲ್ಲ, ಏಕೆಂದರೆ ಆಡಬಾರದಿತ್ತು, ಆಡಬೇಕಿತ್ತು ಎನ್ನುವ ಮಾತುಗಳಿಲ್ಲದ ಮನೆಯೇ ಇಲ್ಲ.

ಸಂತ ಅಗಸ್ಟೀನರು ತಮ್ಮ ಆತ್ಮಕಥನದ ಹನ್ನೊಂದನೆಯ ಭಾಗದಲ್ಲಿ ಇನ್ನೊಂದು ದಾರಿ ತೋರಿಸುತ್ತಾರೆ. ಕಳೆದ ಕಾಲ ಎಲ್ಲೋ ದೂರದಲ್ಲಿಲ್ಲ. ನೆನಪಿನ ರೂಪದಲ್ಲಿ ಅದು ಈಗಲೇ ನಮ್ಮೊಳಗಿದೆ ಎಂಬುದು ಅವರ ವಿಚಾರ. ಘಟನೆ ಬದಲಾಗದು. ಆದರೆ ಆ ಘಟನೆಯನ್ನು ಹೊತ್ತು ನಡೆಯುವ ನಾವು ಬದಲಾಗಬಹುದು. ಇಪ್ಪತ್ತನೆಯ ಶತಮಾನದ ಚಿಂತಕಿ ಹಾನಾ ಅರೆಂಟ್ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸುತ್ತಾರೆ: ಮಾಡಿದ್ದನ್ನು ಅಳಿಸಲಾಗದೆಂಬ ಮಾನವನ ಸಂಕಟಕ್ಕೆ ಮಾನವನ ಕೈಯಲ್ಲಿರುವ ಮದ್ದು ಕ್ಷಮೆ. ಅದಿಲ್ಲದಿದ್ದರೆ ಒಂದೇ ಒಂದು ಕೃತ್ಯಕ್ಕೆ ಮನುಷ್ಯ ಜೀವಮಾನವಿಡೀ ಕಟ್ಟುಬಿದ್ದಿರಬೇಕಾಗುತ್ತದೆ. ನಾನು ಅಪ್ಪನನ್ನು ಒಂದು ಸಂಜೆಯ ಒಂದು ನಿಮಿಷಕ್ಕೆ ಹೀಗೆಯೇ ಕಟ್ಟಿಹಾಕಿದ್ದೆ.

ಚಿತ್ರ ಎಡವುವುದೂ ಇಲ್ಲಿಯೇ. 1955ರಲ್ಲಿ ಜಾರ್ಜ್ ಬಿಫ್‌ನಿಗೆ ಒಂದು ಗುದ್ದು ಕೊಡುತ್ತಾನೆ. ಮಗ ಮರಳಿ ಬಂದಾಗ ಎಲ್ಲವೂ ಬದಲಾಗಿದೆ: ಅಪ್ಪ ಯಶಸ್ವಿ ಲೇಖಕ, ಅಮ್ಮ ಲವಲವಿಕೆಯ ಹೆಂಗಸು, ಮನೆ ತುಂಬ ಅಂದದ ಪೀಠೋಪಕರಣ, ಮಗನಿಗೆ ಹೊಸ ವಾಹನ, ಬಿಫ್ ಈಗ ಇವರ ಕಾರಿಗೆ ಹೊಳಪು ಹಚ್ಚುವ ಆಳು. ಒಳ್ಳೆಯತನದ ಗುರುತು ಸಿರಿವಂತಿಕೆಯೇ ಆಗಬೇಕೇ ಎಂದು ಜಾರ್ಜನ ಪಾತ್ರ ವಹಿಸಿದ ಗ್ಲೋವರ್ ಅವರೇ ಆಕ್ಷೇಪಿಸಿದ್ದರು. ನನ್ನ ಆಕ್ಷೇಪ ಇನ್ನೊಂದು. ಮಗನಿಗೆ ಸಿಕ್ಕಿದ್ದು ಬೇರೆ ಅಪ್ಪ. ಆ ಹಳೆಯ ಪುಕ್ಕಲು ಅಪ್ಪನನ್ನು ಅರ್ಥಮಾಡಿಕೊಂಡು ಅಪ್ಪಿಕೊಳ್ಳಬೇಕಾದ ಕಷ್ಟ ಅವನಿಗೆ ಬರಲೇ ಇಲ್ಲ. ನಮಗೋ ಬೇರೆ ಅಪ್ಪ ಸಿಗುವುದಿಲ್ಲ. ಇದ್ದವರನ್ನೇ ಇದ್ದಂತೆಯೇ ಅರಿಯಬೇಕು.

ಮಗಳು ಮಲಗಿದ ಮೇಲೆ ಕರೆಂಟು ಹೋಯಿತು. ಅಮ್ಮ ಒಲೆಯ ಬಳಿ ಕುಳಿತಿದ್ದರು. ನಲವತ್ತಾರು ವರ್ಷ ಕೇಳದಿದ್ದುದನ್ನು ಅಂದು ಕೇಳಿದೆ: “ಅಮ್ಮ, ಆ ಬಟವಾಡೆಯ ದಿನ ಅಪ್ಪ ಯಾಕೆ ಸುಮ್ಮನಿದ್ದರು?”

ಅಮ್ಮ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಅಂದು ರಾತ್ರಿ ಅವರು ಊಟ ಮಾಡಲಿಲ್ಲ. ಕೆಲಸ ಬಿಡುತ್ತೇನೆಂದು ಕಾಗದ ಬರೆದು ಮೇಜಿನ ಮೇಲೆ ಇಟ್ಟಿದ್ದರು. ಮನೆ ತೋಟದ್ದು, ನೀವು ಮೂವರೂ ಶಾಲೆಗೆ ಹೋಗುತ್ತಿದ್ದಿರಿ. ಬೆಳಿಗ್ಗೆ ನಾನೇ ಆ ಕಾಗದವನ್ನು ಒಲೆಗೆ ಹಾಕಿದೆ. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಮಗ. ಸಾಯುವವರೆಗೂ ಕೇಳಲಿಲ್ಲ.”

ಮತ್ತೆ ತಾವಾಗಿಯೇ ಅಪ್ಪನ ಹದಿನೇಳರ ಕಥೆ ಹೇಳಿದರು. ತಗಡಿನ ಪೆಟ್ಟಿಗೆ ಹಿಡಿದು ಲಾರಿಯಲ್ಲಿ ಘಟ್ಟ ಹತ್ತಿದ್ದು. ಮೊದಲ ರಾತ್ರಿ ಚಳಿಗೆ ನಡುಗುತ್ತ, ತಾಯಿಯನ್ನು ನೆನೆದು ಅತ್ತದ್ದು. ಶಾಲಾ ಮಾಸ್ತರನಾಗಬೇಕೆಂಬ ಆಸೆ ಮನೆಯ ಸಾಲದಲ್ಲಿ ಮುಳುಗಿದ್ದು. ಆ ಹುಡುಗನನ್ನು ನಾನು ಅಂದೇ ಮೊದಲ ಬಾರಿಗೆ ಕಂಡೆ. ನನ್ನ ಮಗಳ ವಯಸ್ಸಿನವನು ಅವನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅರ್ಥಮಾಡಿಕೊಂಡ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಆ ಎರಡು ದಿನದ ಕೂಲಿ ಆಕೆಗೆ ಆಮೇಲಾದರೂ ದೊರಕಿತೇ ಎಂದು ಅಮ್ಮನಿಗೂ ತಿಳಿಯದು. ಆಕೆ ಯಾವ ಊರಿಗೆ ಹೋದಳೋ ತಿಳಿಯದು. ಆ ಅನ್ಯಾಯವನ್ನು ಕ್ಷಮಿಸುವ ಅಧಿಕಾರ ನನ್ನದಲ್ಲ, ಅದು ಆಕೆಯದು. ಅಪ್ಪನ ಮೌನದಿಂದ ಉಳಿದ ಮನೆಯಲ್ಲಿ, ಆ ಸಂಬಳದಲ್ಲಿ ನಾನು ಓದಿದೆ; ಆ ಸಾಲದ ಒಂದು ಪಾಲು ನನ್ನ ಮೇಲೂ ಇದೆ. ಹನ್ನೊಂದರ ಹುಡುಗ ನೋಡಿದ್ದು ಸುಳ್ಳಲ್ಲ. ಆದರೆ ಅವನು ನೋಡಿದ್ದು ಪೂರ್ತಿಯಲ್ಲ. ಆ ಹುಡುಗನ ತೀರ್ಪನ್ನು ಐವತ್ತು ದಾಟಿದ ಮೇಲೂ ಪುನರ್ವಿಚಾರಣೆಗೆ ತರದಿದ್ದುದು ನನ್ನ ತಪ್ಪು. ನಾನೂ ಎಷ್ಟೋ ಕಡೆ ಬಾಯಿ ತೆರೆಯದೆ ಪುಸ್ತಕ ಮುಚ್ಚಿದವನೇ.

ಸಕಲೇಶಪುರವನ್ನು ಬಳಸಿ ಹರಿಯುವ ಹೇಮಾವತಿ ಗೊರೂರಿನ ಅಣೆಕಟ್ಟಿನ ಹಿಂದೆ ಹರಡಿ ನಿಲ್ಲುವಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚು ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಜಲಾಶಯವಾದ ಮೇಲೆ ಪಾಳುಬಿದ್ದಿತು. ಮಳೆಗಾಲದಲ್ಲಿ ನೀರು ಅದರ ಕಮಾನುಗಳವರೆಗೂ ಏರುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಗೋಡೆಗಳು ಮತ್ತೆ ಕಾಣಿಸುತ್ತವೆ. ಅಲ್ಲಿ ಪ್ರಾರ್ಥಿಸುತ್ತಿದ್ದ ಊರನ್ನು ಯಾವ ಯಂತ್ರವೂ ಮರಳಿ ತರಲಾರದು. ಆದರೂ ಜನ ಹೋಗುತ್ತಾರೆ, ಆ ನೆಲದಲ್ಲಿ ನಡೆದಾಡುತ್ತಾರೆ, ಇಲ್ಲಿ ಹೀಗಿತ್ತು ಎಂದು ಮಕ್ಕಳಿಗೆ ಹೇಳುತ್ತಾರೆ. ಹಿರಿಯರ ಬದುಕಿನ ಬಳಿಗೂ ಹೀಗೆಯೇ ಹೋಗಬೇಕಾಗುತ್ತದೆ, ಕಟ್ಟಿ ಸರಿಪಡಿಸಲು ಅಲ್ಲ, ನೋಡಿ ತಿಳಿಯಲು.

ಚಿತ್ರದಲ್ಲಿ ಭಾವಚಿತ್ರ ಮಾಸುವುದನ್ನು ನೋಡಿ ನಾವು ಗಾಬರಿಗೊಳ್ಳುತ್ತೇವೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಪ್ರತಿ ಮಳೆಗಾಲ ಗೋಡೆಯ ಭಾವಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಒಂದು ದಿನ ಆ ಮುಖ ಯಾರದೆಂದು ಹೇಳುವವರೂ ಇರುವುದಿಲ್ಲ. ತಮ್ಮ ಮುಂದೆ ಏನಿದೆಯೆಂದು ಹರೆಯದಲ್ಲಿ ಯಾರಿಗೂ ತಿಳಿದಿರುವುದಿಲ್ಲ. ತೆರೆಯ ಮೇಲೆ ಚಿಗರೆಯಂತೆ ಓಡಿದ ಮೈಕೆಲ್ ಫಾಕ್ಸ್‌ಗೆ 1991ರಲ್ಲಿ, ಕೇವಲ 29ನೆಯ ವಯಸ್ಸಿನಲ್ಲಿ, ಪಾರ್ಕಿನ್ಸನ್ ಕಾಯಿಲೆಯಿರುವುದು ಪತ್ತೆಯಾಯಿತು. 2000ದಲ್ಲಿ ಅವರು ಆ ಕಾಯಿಲೆಯ ಸಂಶೋಧನೆಗಾಗಿ ಪ್ರತಿಷ್ಠಾನವನ್ನೇ ಸ್ಥಾಪಿಸಿದರು. ಹದಿನೇಳರ ನನ್ನ ತಂದೆಗೂ ಮುಂದೊಂದು ಬಟವಾಡೆಯ ದಿನ ಕಾದಿದೆಯೆಂದು ತಿಳಿದಿರಲಿಲ್ಲ.

ಪ್ರಿಯ ವಾಚಕರೇ, ನಮ್ಮಲ್ಲಿ ಹಲವರ ಮನೆಯಲ್ಲಿ ಹಿರಿಯರೊಬ್ಬರು ಒಲೆಯ ಬಳಿಯೋ ಜಗುಲಿಯಲ್ಲೋ ಕುಳಿತಿದ್ದಾರೆ. ಔಷಧಿ ತೆಗೆದುಕೊಂಡಿರಾ, ಊಟ ಆಯಿತೇ ಎಂದು ನಾವು ತಪ್ಪದೆ ಕೇಳುತ್ತೇವೆ. ‘ನಿಮಗೆ ಹದಿನೇಳು ವರ್ಷವಿದ್ದಾಗ ಏನಾಗಬೇಕೆಂದಿದ್ದಿರಿ, ಯಾವುದಕ್ಕೆ ಹೆದರುತ್ತಿದ್ದಿರಿ?’ ಎಂದು ಎಷ್ಟು ಮಂದಿ ಕೇಳಿದ್ದೇವೆ? ಆ ಪ್ರಶ್ನೆಗೆ 142 ಕಿಲೋಮೀಟರ್ ವೇಗ ಬೇಡ, ಸಿಡಿಲೂ ಬೇಡ. ಕರೆಂಟು ಹೋದ ಒಂದು ರಾತ್ರಿ ಸಾಕು.

ಮರುದಿನ ಬೆಳಿಗ್ಗೆ ಮಗಳಿಗೆ ಉತ್ತರ ಕೊಟ್ಟೆ. “ಅಜ್ಜನ ಸ್ನೇಹಿತನಾಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಮಗಳೇ. ಆದರೆ ಆ ಲಾರಿಯಲ್ಲಿ ಅವರ ಪಕ್ಕದಲ್ಲಿ ಕುಳಿತಿರಬೇಕಿತ್ತು ಅನಿಸುತ್ತದೆ.” ಯಾವ ಲಾರಿ ಎಂದು ಅವಳು ಕೇಳಿದಳು. ಹೇಳತೊಡಗಿದೆ.